ಸೈರನ್ ಸ್ವಿಚ್ ಮುಂದೆ, ತೀರ್ಮಾನ ಹಿಂದೆ

ನಾನು ಮಂಗಳೂರಲ್ಲಿ ಆಂಬ್ಯುಲೆನ್ಸ್ ಓಡಿಸುವವನು. ಹೊಸ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವ ಕೆಲಸವೂ ಉಂಟು. ಸ್ಟಿಯರಿಂಗ್ ಕೈಗೆ ಬರುವ ಮೊದಲೇ ಅವರು ಕೇಳುವುದು ಒಂದೇ: "ಅಣ್ಣಾ, ನಮಗೆ ಸಿಗ್ನಲ್ ಲೆಕ್ಕಕ್ಕಿಲ್ಲ ಅಲ್ವಾ?"

ಲೆಕ್ಕಕ್ಕುಂಟು ಮಾರಾಯಾ. ಕೇಂದ್ರ ಸರ್ಕಾರ 1989ರ ರಸ್ತೆ ನಿಯಮಗಳನ್ನು ತೆಗೆದು 2017ರಲ್ಲಿ ಹೊಸ ಚಾಲನಾ ನಿಯಮಾವಳಿ ತಂತು. ಅದರ ಪ್ರಕಾರ ಜೀವ ಉಳಿಸುವಂಥ, ಬೆಂಕಿ ಆರಿಸುವಂಥ ತೀರಾ ತುರ್ತಿದ್ದರೆ ಕೆಂಪು ದೀಪ ದಾಟಬಹುದು, ವೇಗದ ಮಿತಿ ಮೀರಬಹುದು, ರಸ್ತೆಯಂಚಿನಲ್ಲಿ, ಒನ್‌ವೇಯಲ್ಲಿ ಎದುರು ದಿಕ್ಕಿಗೂ ಹೋಗಬಹುದು. ಎಲ್ಲದಕ್ಕೂ ಷರತ್ತು ಉಂಟು, ಎಚ್ಚರ ಮತ್ತು ಹೊಣೆ. ಆದ್ಯತೆಯಲ್ಲೂ ಮೊದಲು ಅಗ್ನಿಶಾಮಕ, ಆಮೇಲೆ ನಾವು, ನಮ್ಮ ಹಿಂದೆ ಪೊಲೀಸ್. ಫೈರ್ ಇಂಜಿನ್ ಬಂದರೆ ನಾವೂ ದಾರಿ ಬಿಡಬೇಕು ಅಂದರೆ ಹುಡುಗರು ನಂಬುವುದೇ ಇಲ್ಲ. ಕುಡಿತಕ್ಕೆ, ಕೈಯಲ್ಲಿ ಮೊಬೈಲ್ ಹಿಡಿಯುವುದಕ್ಕೆ ರಿಯಾಯಿತಿ ಇಲ್ಲ ಅಂತ ಬೇರೆ ಹೇಳಬೇಕಾ? ಗುದ್ದಿದರೆ ಭಾರತೀಯ ನ್ಯಾಯ ಸಂಹಿತೆಯ 281, ಜೀವ ಹೋದರೆ 106, ಊರಿಗೆಲ್ಲ ಇರುವ ಸೆಕ್ಷನ್‌ಗಳೇ ನಮಗೂ. "ಸೈರನ್ ಹಾಕಿದ್ದೆ ಸರ್" ಅಂದರೆ ಕೇಸ್ ಬಿಟ್ಟುಹೋಗುವುದಿಲ್ಲ.

ಪುಸ್ತಕದ ಮಾತು ಅಷ್ಟು. ಉಳಿದದ್ದನ್ನು ನಾನು ಇಲ್ಲಿನ ನಂತೂರು ಜಂಕ್ಷನ್‌ನಲ್ಲೇ ಕಲಿಸುವುದು. ಕೆಂಪು ಬಿದ್ದಿದೆ, ಅಡ್ಡ ಬರುವ ಎಕ್ಸ್‌ಪ್ರೆಸ್ ಬಸ್ಸು ನಮ್ಮನ್ನು ನೋಡಿ ನಿಂತಿತು. ಕಂಡಕ್ಟರ್ ಫುಟ್‌ಬೋರ್ಡಿನಿಂದ ವಾಲಿ, ಸೀಟಿ ಊದಿ, "ಹೋಗಿ ಹೋಗಿ" ಅಂತ ಕೈ ಬೀಸುತ್ತಾನೆ. ಹುಡುಗರು ಗೇರ್ ಹಾಕುವುದು ಇಲ್ಲೇ. ಆದರೆ ಆ ಬಸ್ಸಿನ ಮರೆಯಲ್ಲಿ ಸ್ಕೂಟರ್ ಬರುತ್ತಿರುತ್ತದೆ. ಅವನಿಗೆ ನಾವು ಕಾಣುವುದಿಲ್ಲ. ಜುಲೈ ಮಳೆಯಾದರೆ ಹೆಲ್ಮೆಟ್ಟಿನ ಮೇಲೆ ರೈನ್‌ಕೋಟಿನ ಟೊಪ್ಪಿ, ಸೈರನ್ನೂ ಕೇಳುವುದಿಲ್ಲ. ಕಾರಿನವರೋ ಗಾಜು ಏರಿಸಿ ಎಸಿ ಹಾಕಿಕೊಂಡಿರುತ್ತಾರೆ. ಹಾಗಾಗಿ ನಡಿಗೆಯ ವೇಗಕ್ಕೆ ಇಳಿಸು, ಬಸ್ಸಿನ ಮೂತಿ ಬಂದಲ್ಲಿ ನಿಲ್ಲಿಸು, ಬಗ್ಗಿ ನೋಡು, ಆಮೇಲೆ ಮುಂದಿನ ಲೇನ್. ಕೆಲವೇ ಸೆಕೆಂಡಿನ ಕೆಲಸ.

ವೇಗದ ಲಾಭವೂ ಅಂದುಕೊಂಡಷ್ಟಿಲ್ಲ. ಉಡುಪಿಯಿಂದ ಇಲ್ಲಿಗೆ 60 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. 80ರಲ್ಲಿ ಬಂದರೆ 45 ನಿಮಿಷ, 100ರಲ್ಲಿ ಬಂದರೆ 36. ಉಳಿಯುವ ಒಂಬತ್ತು ನಿಮಿಷವೂ ಕಾಗದದ ಮೇಲೆ ಮಾತ್ರ. ಪಡುಬಿದ್ರಿ, ಮುಲ್ಕಿ, ಸುರತ್ಕಲ್, ಕೂಳೂರು ಎಲ್ಲ ಕಡೆ ಬ್ರೇಕ್ ಒತ್ತಲೇಬೇಕಲ್ಲ. ಅತ್ತ ಹಿಂದೆ ನರ್ಸ್ ಒಂದು ಕೈಯಲ್ಲಿ ಸರಳು ಹಿಡಿದು ಇನ್ನೊಂದು ಕೈಯಲ್ಲಿ ರೋಗಿಗೆ ಆಕ್ಸಿಜನ್ ಮಾಸ್ಕ್ ಸರಿ ಮಾಡುತ್ತಿರುತ್ತಾರೆ. ನಾವು ಗಕ್ಕನೆ ಬ್ರೇಕ್ ಹೊಡೆದರೆ ಅವರ ಕೆಲಸ ಕೆಡುತ್ತದೆ.

ಅದಕ್ಕೇ ನಮ್ಮಲ್ಲಿ ಸೈರನ್ ಬೇಕೋ ಬೇಡವೋ ಅಂತ ಹೇಳುವುದು ನರ್ಸ್. ಸ್ವಿಚ್ ಇರುವುದು ನನ್ನ ಕೈಗೆ ಸಿಗುವಲ್ಲಿ, ಅಷ್ಟೇ. ಡಯಾಲಿಸಿಸ್ ಮುಗಿಸಿ ಮನೆಗೆ ಹೋಗುವವರು, ಸ್ಕ್ಯಾನಿಂಗಿಗೆ ಹೋಗುವವರು, ಶವ, ಖಾಲಿ ಗಾಡಿ — ಇವಕ್ಕೆ ಸೈರನ್ ಇಲ್ಲ, ಕೆಂಪು ದೀಪಕ್ಕೆ ನಿಲ್ಲುವುದೇ. ರೋಗಿಯ ಕಡೆಯವರು ಬೈಯುತ್ತಾರೆ, ಬೈಯಲಿ. ಖಾಲಿ ಗಾಡಿಯಲ್ಲಿ ಸೈರನ್ ಕೂಗಿಸಿಕೊಂಡು ಊಟಕ್ಕೆ ಹೋಗುವವರು ನಮ್ಮ ಪೈಕಿಯೇ ಉಂಟು. ದಾರಿ ಬಿಡದವರಿಗೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಅಂತ ಮೋಟಾರು ವಾಹನ ಕಾಯ್ದೆಯ 194ಇ ಸೆಕ್ಷನ್ ಹೇಳುತ್ತದೆ. ಆ ಅಧಿಕಾರವನ್ನು ಮೀನು ಸಾರಿನ ಊಟಕ್ಕೆ ಬಳಸಿದರೆ ಜನ ನಾಳೆ ನಿಜವಾದ ರೋಗಿಗೂ ಬದಿಗೆ ಸರಿಯುವುದಿಲ್ಲ.

ಝೀರೋ ಟ್ರಾಫಿಕ್ ಬೇರೆ ಸಂಗತಿ, ಅದು ಪೊಲೀಸರು ಮೊದಲೇ ದಾರಿ ಖಾಲಿ ಮಾಡಿಸಿಕೊಡುವ ವ್ಯವಸ್ಥೆ. ತಲಪಾಡಿ ಗಡಿ ದಾಟಿ ಕೇರಳದ ಕಾಸರಗೋಡಿಗೆ ಹೋದರೂ ಚಾಲನಾ ನಿಯಮ ಇದೇ, ಕೇಂದ್ರದ್ದಲ್ಲವಾ.

ಸೈರನ್ ಹಾಕಿದಾಗೆಲ್ಲ ನರ್ಸ್ ಟ್ರಿಪ್ ಶೀಟಿನಲ್ಲಿ ಸಮಯ, ಕಾರಣ ಬರೆಯುತ್ತಾರೆ. ಸಿಗ್ನಲ್ ದಾಟಿದ್ದಕ್ಕೆ ನೋಟಿಸ್ ಬಂದರೆ ಆಫೀಸಿನವರು ಆ ಶೀಟಿನ ಪ್ರತಿ ಲಗತ್ತಿಸಿ ಉತ್ತರ ಕೊಡುತ್ತಾರೆ. ಕಾರಣದ ಕಾಲಂ ಖಾಲಿ ಇದ್ದರೆ ದಂಡ ಡ್ರೈವರ್ ಜೇಬಿನಿಂದ.