ಮುಗಿದ ಸಂಬಂಧ, ಮುಗಿಯದ ಪಶ್ಚಾತ್ತಾಪ

ಸಂಬಂಧವೊಂದು ಮುರಿದುಬಿದ್ದು ಎಷ್ಟೋ ವರ್ಷಗಳಾದ ಮೇಲೂ ಮನಸ್ಸು ಅದರ ಕೊನೆಯ ಮಾತುಕತೆಯನ್ನು ಮೆಲುಕು ಹಾಕುತ್ತಲೇ ಇರುತ್ತದೆ. ಆಗ ನಡೆದ ಜಗಳಕ್ಕಿಂತ ಆಡದೆ ಉಳಿದ ಮಾತೇ ಹೆಚ್ಚು ಕಾಡುತ್ತದೆ ಎಂಬುದು ನನ್ನ ಅನುಭವ. ಮನೋವಿಜ್ಞಾನಿಗಳಾದ ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1995ರಲ್ಲಿ ಪ್ರಕಟಿಸಿದ ಪ್ರಬಂಧವೂ ಇದನ್ನೇ ಸೂಚಿಸುತ್ತದೆ: ಮಾಡಿದ್ದರ ಪಶ್ಚಾತ್ತಾಪ ಆ ಗಳಿಗೆಯಲ್ಲಿ ತೀವ್ರವಾಗಿದ್ದರೂ, ಕಾಲ ಕಳೆದಂತೆ ಮನುಷ್ಯನನ್ನು ಹೆಚ್ಚು ಬಾಧಿಸುವುದು ಮಾಡದೆ ಬಿಟ್ಟದ್ದು. ಮಾಡಿದ ತಪ್ಪಿಗೆ ಕ್ಷಮೆ ಕೇಳಬಹುದು, ಸಮಜಾಯಿಷಿ ಹುಡುಕಿಕೊಳ್ಳಬಹುದು. ಮಾಡದೆ ಹೋದದ್ದರ ಪರಿಣಾಮವನ್ನು ಯಾರೂ ಕಂಡಿಲ್ಲವಾದ್ದರಿಂದ ಕಲ್ಪನೆ ಅದನ್ನು ಬೇಕಾದಷ್ಟು ಸುಂದರವಾಗಿ ಬೆಳೆಸುತ್ತ ಹೋಗುತ್ತದೆ.

ಇದರ ಭಾರವನ್ನು ನಂತರ ಬಂದವರು ಹೊರಬೇಕಾಗುತ್ತದೆ ಎಂಬುದೇ ನನಗೆ ಅತಿ ಹೆಚ್ಚು ನೋವು ತರುವ ಸಂಗತಿ. ಕಳಿಸಿದ ಸಂದೇಶಕ್ಕೆ ಅರ್ಧ ಗಂಟೆ ಉತ್ತರ ಬಾರದಿದ್ದರೆ, ಹೊಸ ಸಂಗಾತಿಯ ತಪ್ಪು ಎಳ್ಳಷ್ಟೂ ಇಲ್ಲದಿದ್ದರೂ, ಕೈ ಮತ್ತೆ ಮತ್ತೆ ಫೋನಿನತ್ತ ಹೋಗಿ, 'ಯಾಕೆ ಸುಮ್ಮನಾದೆ?' ಎಂದು ಬರೆದು ಅಳಿಸುತ್ತದೆ. ಆ ಪ್ರಶ್ನೆಯನ್ನು ಕೇಳಬೇಕಾಗಿದ್ದುದು ಹಿಂದೆಂದೋ ಬಿಟ್ಟುಹೋದವರನ್ನು. 'ಹಳೆಯದನ್ನು ಮರೆತುಬಿಡು' ಎಂದು ಬಾಯಿ ಮುಚ್ಚಿಸುವುದು ಇಲ್ಲಿ ಕ್ರೂರವೆಂದೇ ನಾನು ತಿಳಿಯುತ್ತೇನೆ. ಪ್ರತಿ ಸಲ ನೆನೆದಾಗಲೂ ನೆನಪು ಸ್ವಲ್ಪಮಟ್ಟಿಗೆ ಬದಲಾಗಬಲ್ಲದು. ನಂಬಿಕಸ್ಥರೊಬ್ಬರ ಮುಂದೆ ಎಲ್ಲವನ್ನೂ ಹೇಳಿಕೊಂಡವರಿಗೆ, ನಡೆದದ್ದು ಹಾಗೆಯೇ ಉಳಿದರೂ, ಅದರ ಮೊನೆ ಕೊಂಚ ಮೊಂಡಾದಂತೆ ಅನ್ನಿಸುವುದನ್ನು ನಾನು ಕಂಡಿದ್ದೇನೆ.