ಜ್ವರಕ್ಕೆ ಭಾಷೆಯ ಮದ್ದು

ಬಹಳ ವರ್ಷ ನಾನು ಮನೆಮನೆ ಆರೋಗ್ಯ ಸಮೀಕ್ಷೆಯ ನಮೂನೆಗಳನ್ನು ತಿದ್ದುವ ಕೆಲಸ ಮಾಡಿದೆ. ಅವುಗಳಲ್ಲಿ ನನಗೆ ತೀರ ಸಿಟ್ಟು ತರಿಸುತ್ತಿದ್ದುದು 'ಚಿಕಿತ್ಸೆ ಪಡೆಯದಿರಲು ಕಾರಣ' ಎಂಬ ಕಾಲಂ. ಕಟ್ಟಿನ ಮೇಲೆ ಕಟ್ಟು ಬಿಚ್ಚಿದರೂ ಅದರಲ್ಲಿ ಕಾಣುತ್ತಿದ್ದುದು ಒಂದೇ ಪದ: ನಿರ್ಲಕ್ಷ್ಯ. ಅದು ರೋಗಿ ಕೊಟ್ಟ ಉತ್ತರವಲ್ಲ, ಪೆನ್ನು ಹಿಡಿದವನದು. ಗೊತ್ತಿದ್ದೂ ನಾನು ಸಹಿ ಹಾಕಿ ಮುಂದೆ ಕಳುಹಿಸುತ್ತಿದ್ದೆ.

ಆ ಕಾಲಂ ನೆನಪಾದಾಗಲೆಲ್ಲ ನಾನು ಜರ್ಮನ್ ವೈದ್ಯ ರುಡಾಲ್ಫ್ ವಿರ್ಚೋನ ವರದಿಯನ್ನು ಮತ್ತೆ ತೆರೆಯುತ್ತೇನೆ. 1848ರ ಫೆಬ್ರವರಿ. ಆಗ ಜರ್ಮನ್ ರಾಜ್ಯವಾದ ಪ್ರಷ್ಯಾದ ಕೈಯಲ್ಲಿದ್ದ, ಇಂದು ಬಹುಪಾಲು ಪೋಲೆಂಡಿನಲ್ಲಿರುವ ಮೇಲಿನ ಸೈಲೀಸಿಯಾ ಸೀಮೆ ಬೆಳೆ ಕೈಕೊಟ್ಟು ಹಸಿದಿತ್ತು, ಅಲ್ಲಿ ಟೈಫಸ್ ಜ್ವರ ಹಬ್ಬಿತ್ತು. ಪ್ರಷ್ಯಾ ಸರ್ಕಾರ ಇಪ್ಪತ್ತಾರು ವರ್ಷದ ಈ ವೈದ್ಯನನ್ನು ಅಲ್ಲಿಗೆ ಕಳುಹಿಸಿತು. ಅವನು ಅಲ್ಲಿದ್ದುದು ಸುಮಾರು ಮೂರು ವಾರ. ಟೈಫಸ್ ಹೇನಿನಿಂದ ಹರಡುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಫ್ರೆಂಚ್ ವಿಜ್ಞಾನಿ ಚಾರ್ಲ್ಸ್ ನಿಕೋಲ್ ಅದನ್ನು ತೋರಿಸಿಕೊಟ್ಟಿದ್ದು 1909ರಲ್ಲಿ. ಹಾಗಾಗಿ ವಿರ್ಚೋನ ವೈದ್ಯಕೀಯ ತರ್ಕದಲ್ಲಿ ದೊಡ್ಡ ತೂತೇ ಇತ್ತು. ಆದರೂ ಅವನ ಔಷಧದ ಚೀಟಿ ನೋಡಿ: ಪೂರ್ಣ ಪ್ರಜಾಪ್ರಭುತ್ವ, ಶಿಕ್ಷಣ, ರಸ್ತೆಗಳು, ಬಡವರ ಹೆಗಲಿನಿಂದ ಇಳಿದು ಉಳ್ಳವರ ಮೇಲೆ ಬೀಳುವ ತೆರಿಗೆ, ಜೊತೆಗೆ ಪೋಲಿಷ್ ಭಾಷೆಗೆ ಅಧಿಕೃತ ಸ್ಥಾನ.

ಜ್ವರಕ್ಕೂ ಭಾಷೆಗೂ ಏನು ನಂಟು? ಅಲ್ಲಿನ ಜನ ಪೋಲಿಷ್ ಆಡುವವರು, ಆಳುವವರು ಜರ್ಮನ್ನರು. ಪೋಲಿಷ್ ಬಾರದ ಮೇಷ್ಟ್ರುಗಳನ್ನೇ ಬೇಕೆಂದು ಅಲ್ಲಿಗೆ ಹಾಕುತ್ತಿದ್ದರಂತೆ, ಮಕ್ಕಳು ಜರ್ಮನ್ ಕಲಿಯಲೆಂದು. ಕೊನೆಗೆ ಆದದ್ದು ತಿರುವುಮುರುವು: ಮಕ್ಕಳು ಜರ್ಮನ್ ಕಲಿಯಲಿಲ್ಲ, ಮೇಷ್ಟ್ರೇ ಪೋಲಿಷ್ ಕಲಿತರು ಎಂದು ವಿರ್ಚೋ ಬರೆಯುತ್ತಾನೆ. ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಅವನು ನಗಿಸಲು ಬರೆದದ್ದಲ್ಲ. ತನ್ನ ಮಾತಿನಲ್ಲಿ ಕಲಿಯಲಾಗದ, ಕಚೇರಿಯ ಕಾಗದ ಅರ್ಥವಾಗದ ಊರಿನಲ್ಲಿ ರೋಗ ತಡೆಯುವ ಸೂಚನೆ ಯಾರ ಕಿವಿಗೆ ಬೀಳುತ್ತದೆ ಎಂಬುದು ಅವನ ಪ್ರಶ್ನೆ. ನಮ್ಮ ನಮೂನೆಯಲ್ಲಿ ಸಂದರ್ಶನ ಯಾವ ಭಾಷೆಯಲ್ಲಿ ನಡೆಯಿತು ಎಂದು ಕೇಳುವ ಕಾಲಂ ಇರಲೇ ಇಲ್ಲ. ಆರೋಗ್ಯ ಕೇಂದ್ರದ ದೂರ ಮಾತ್ರ ಕಿಲೋಮೀಟರುಗಳಲ್ಲಿ ಚೊಕ್ಕವಾಗಿ ಇರುತ್ತಿತ್ತು, ನಡುವೆ ಹೊಳೆ ಇದೆಯೇ ಎಂಬುದನ್ನು ಬಿಟ್ಟು.

ವಿರ್ಚೋನನ್ನು ನಾನು ದೇವರ ಪೀಠದಲ್ಲಿ ಕೂರಿಸುತ್ತಿಲ್ಲ. ಅದೇ ವರದಿಯಲ್ಲಿ ಆ ಜನರನ್ನು ಕೊಳಕರು, ಸೋಮಾರಿಗಳು, ಕುಡುಕರು ಎಂದು ಸಲೀಸಾಗಿ ಬರೆದಿದ್ದಾನೆ. ನಮ್ಮ ಗಣತಿದಾರನ 'ನಿರ್ಲಕ್ಷ್ಯ' ಅವನಲ್ಲೂ ಇತ್ತು. ಆದರೆ ಅವನು ಅಲ್ಲಿಗೇ ಪೆನ್ನು ಮುಚ್ಚಲಿಲ್ಲ, ಅವರನ್ನು ಹಾಗೆ ಮಾಡಿದವರು ಯಾರು ಎಂದು ಕೇಳುತ್ತಾ ಹೋದ. ಕೇಳುತ್ತಾ ಹೋಗಿ ಸರ್ಕಾರದ ಬಾಗಿಲಿಗೇ ಬಂದು ನಿಂತ. ಬರ್ಲಿನ್‌ಗೆ ಮರಳಿದ ಕೆಲವೇ ದಿನಗಳಲ್ಲಿ ರಾಜನ ಆಡಳಿತದ ವಿರುದ್ಧ ಮಾರ್ಚ್ ಕ್ರಾಂತಿ ಎದ್ದಾಗ, ಜನ ಬೀದಿಗೆ ಅಡ್ಡ ಕಟ್ಟಿದ ತಡೆಗಳ ಬಳಿಯೂ ಇದ್ದ.

ಮುಂದಿನದು ನನಗೆ ಇಂದಿಗೂ ಅರಗುವುದಿಲ್ಲ. 1870ರ ದಶಕದಲ್ಲಿ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಕ್ಯಾಥೊಲಿಕ್ ಚರ್ಚಿನ ವಿರುದ್ಧ ನಡೆಸಿದ ಹೋರಾಟಕ್ಕೆ 'ಕುಲ್ಟುರ್‌ಕಾಂಪ್ಫ್', ಅಂದರೆ ಸಂಸ್ಕೃತಿ ಸಮರ, ಎಂಬ ಹೆಸರು 1873ರಲ್ಲಿ ಬಳಕೆಗೆ ಬಂದದ್ದು ಇದೇ ವಿರ್ಚೋನಿಂದ. ಅದರ ಪೆಟ್ಟು ತಿಂದವರಲ್ಲಿ ಮೇಲಿನ ಸೈಲೀಸಿಯಾದ ಪೋಲಿಷ್ ಕ್ಯಾಥೊಲಿಕರೂ ಇದ್ದರು. ಅದೇ ದಶಕದಲ್ಲಿ ಅವರ ಶಾಲೆಗಳಿಂದ ಪೋಲಿಷ್ ಭಾಷೆಯನ್ನು ಹೊರದೂಡಲಾಯಿತು. 1921ರಲ್ಲಿ ಜರ್ಮನಿಯೋ ಪೋಲೆಂಡೋ ಎಂದು ಅಲ್ಲಿ ಜನಮತ ತೆಗೆದುಕೊಂಡರು. ಮರುವರ್ಷ ಆ ಸೀಮೆ ಎರಡು ದೇಶಗಳ ಪಾಲಾಯಿತು.