ಗೊತ್ತಾಗದ ಹಾಗೆ ಊಟದ ಸಾರಿಗೆ ಹಾಕುವ ಮಾತ್ರೆ ಇದೆಯಾ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಮೆಡಿಕಲ್ ಅಂಗಡಿ ಇಟ್ಟ ನನಗೆ ಈ ಪ್ರಶ್ನೆ ಹೊಸತಲ್ಲ. ಕೇಳುವವರು ಹೆಚ್ಚಾಗಿ ಹೆಂಗಸರು. ಬೇರೆ ಗಿರಾಕಿಗಳು ಹೋಗುವವರೆಗೆ ಕಾದು, ದನಿ ತಗ್ಗಿಸುತ್ತಾರೆ: “ಕುಡಿತ ಬಿಡಿಸುವ ಮಾತ್ರೆ ಇದೆಯಂತಲ್ಲ, ಅವರಿಗೆ ಗೊತ್ತಾಗದ ಹಾಗೆ ಸಾರಿಗೆ ಹಾಕಬಹುದಾ?”

ಮಾತ್ರೆ ಇದೆ. ಸಾರಿಗೆ ಹಾಕಬಾರದು.

ಅದರ ಹೆಸರು ಡೈಸಲ್ಫಿರಾಮ್. ಕುಡಿದದ್ದು ಮೈಯೊಳಗೆ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಆಮೇಲೆ ಕರಗುತ್ತದೆ. ಈ ಮಾತ್ರೆ ಆ ವಿಷವನ್ನು ಕರಗಲು ಬಿಡುವುದಿಲ್ಲ. ಮೇಲಿಂದ ಒಂದು ಪೆಗ್ ಹೋದರೂ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಬಿಪಿ ಕುಸಿದು ಜೀವಕ್ಕೇ ಸಂಚಕಾರ ಬರಬಹುದು. ಗೊತ್ತಿದ್ದು ನುಂಗಿದವನು ಆ ಹೆದರಿಕೆಗೆ ಗ್ಲಾಸ್ ಮುಟ್ಟುವುದಿಲ್ಲ. ಗೊತ್ತಿಲ್ಲದವನು ಎಂದಿನಂತೆ ಕುಡಿಯುತ್ತಾನೆ, ಅಲ್ವಾ? ಚೀಟಿ ಇಲ್ಲದೆ ನಾನು ಕೊಡುವುದೂ ಇಲ್ಲ.

ಬದಲಿಗೆ ನಾನೇ ಕೇಳುತ್ತೇನೆ: ಬೆಳಿಗ್ಗೆ ಕೈ ನಡುಗುತ್ತದಾ? ಎಷ್ಟು ಕುಡಿಯುತ್ತಾನೆ ಎಂಬ ಲೆಕ್ಕ ಮನೆಯವರಿಗೆ ಯಾವತ್ತೂ ಸರಿಯಾಗಿ ಸಿಗುವುದಿಲ್ಲ. ಒಬ್ಬರು ಎಂಟು ಗಂಟೆಗೇ ಗ್ಯಾಸ್ಟ್ರಿಕ್ ಮಾತ್ರೆಗೆ ಬರುತ್ತಿದ್ದರು. ನೋಟು ಚಾಚಿದರೆ ಅದು ಪಟಪಟ ಅನ್ನುತ್ತಿತ್ತು. ಮಧ್ಯಾಹ್ನ, ಒಳಗೆ ಸ್ವಲ್ಪ ಹೋದ ಮೇಲೆ, ನೋಡಿದರೆ ಅದೇ ಕೈ ಕಲ್ಲಿನ ಹಾಗೆ ಸ್ಥಿರ. ಚಟ ಅಂಟಿದ್ದಕ್ಕೆ ನಮ್ಮ ಕಡೆ ಇನ್ನೊಂದು ಗುರುತು ಉಂಟು. ತಿಂಗಳ ಒಂದನೇ ತಾರೀಕು ಬೆವ್ಕೊ, ಅಂದರೆ ಕೇರಳ ಸರ್ಕಾರದ ಮದ್ಯದಂಗಡಿ, ಮುಚ್ಚಿರುತ್ತದೆ. ಆ ದಿನ ಆತ ಸುಮ್ನೆ ಮನೆಯಲ್ಲಿರುತ್ತಾನಾ, ಸಾರಡ್ಕದ ಗಡಿ ದಾಟಿ ಕರ್ನಾಟಕಕ್ಕೆ ಹೋಗಲು ನೆಪ ಹುಡುಕುತ್ತಾನಾ?

ಕೈ ನಡುಗುವವನ ಬಾಟ್ಲಿ ಕಸಿದು ಕೋಣೆಯಲ್ಲಿ ಕೂಡಿಹಾಕಬೇಡಿ. ದಿಢೀರ್ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಆಮೇಲೆ ಗೋಡೆಯಲ್ಲಿ ಇಲ್ಲದ ಹುಳ ಕಾಣಬಹುದು, ಮನೆಯವರ ಗುರುತೇ ಸಿಗದಿರಬಹುದು. ಇದನ್ನು ಭೂತದ ಉಪದ್ರ ಅಂದುಕೊಂಡು ನೂಲು ಕಟ್ಟಿಸಿದವರೂ ಇದ್ದಾರೆ. ಅದು ಆಸ್ಪತ್ರೆಗೆ ಓಡಬೇಕಾದ ಹೊತ್ತು. 2020ರ ಲಾಕ್‌ಡೌನ್‌ನಲ್ಲಿ ಮದ್ಯ ಸಿಗದೆ ಹೀಗಾಗುತ್ತದೆಂದು, ಡಾಕ್ಟರ ಚೀಟಿ ಇದ್ದವರಿಗೆ ಅದನ್ನು ಕೊಡಲು ಕೇರಳ ಸರ್ಕಾರ ಹೊರಟಿತ್ತು. ಡಾಕ್ಟರುಗಳೇ ವಿರೋಧಿಸಿದರು, ಹೈಕೋರ್ಟ್ ತಡೆಯಿತು. ಈ ನಡುಕಕ್ಕೆ ಬೇರೆ ಮದ್ದಿದೆ. ಜೊತೆಗೆ ಬಿ1 ವಿಟಮಿನ್ ಕೊಡುತ್ತಾರೆ.

ಕುಡಿದು ಬಂದ ರಾತ್ರಿ ಬುದ್ಧಿ ಹೇಳುವುದು ದಂಡ. ಬೆಳಿಗ್ಗೆ ಹೇಳಿ, ಮಕ್ಕಳ ಎದುರು ಬೇಡ. ಅವನು ಒಪ್ಪುವ ತನಕ ನೀವು ಕಾಯಬೇಕೆಂದೇನಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಮೊದಲ ಫೋನ್ ನೀವೇ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಮೊನ್ನೆ ಬಂದಾಕೆಗೆ ಆ ನಂಬರನ್ನು ಮದ್ದಿನ ಕವರಿನ ಹಿಂದೆ ಬರೆದುಕೊಟ್ಟೆ. ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡರು. ಆಮೇಲೆ ಪರ್ಸ್ ತೆರೆದು, “ಎಷ್ಟಾಯಿತು?” ಎಂದರು.